ವೈಜ್ಞಾನಿಕ ಕಾದಂಬರಿ ಮುಗಿಸಿದ್ದೇನೆ, ಗದಗಿನಲ್ಲಿ ನಾನೇ ಅಚ್ಚು ಹಾಕಿಸಲಾ? ಅನುಭವ ಇದ್ದವರು ಹೇಳಿ

ಗಾಳಿಗುಡ್ಡ, ಗದಗ

ನಮಸ್ಕಾರ ಎಲ್ಲರಿಗೂ. ವಿಷಯ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ನಾನು ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಮನೆ ಬೆಟಗೇರಿ. ಮನೆಯಲ್ಲಿ ಅವ್ವ, ಹೆಂಡತಿ, ಏಳನೇ ಕ್ಲಾಸಿನ ಮಗಳು. ನಾಲ್ಕು ವರ್ಷ ಹಿಡಿದು ಒಂದು ಕಾದಂಬರಿ ಬರೆದೆ, ಹೋದ ತಿಂಗಳು ಮುಗಿಯಿತು. ಸುಮಾರು 60 ಸಾವಿರ ಪದ. ಬರೆದದ್ದೆಲ್ಲ ಮೊಬೈಲಿನಲ್ಲೇ. ಹೆಚ್ಚಿನದು ಸೈಟಿಗೆ ಹೋಗುವ ಜೀಪಿನಲ್ಲಿ, ಇಲ್ಲವೇ ಗಾಳಿ ಜೋರಾಗಿ ಮೇಲೆ ಹತ್ತುವ ಹಾಗಿಲ್ಲದ ದಿನ ಟವರ್ ಬುಡದಲ್ಲಿ ಕಾಯುತ್ತಾ ಕೂತಾಗ.

ಕಥೆ ಏನಂದರೆ, ಲಕ್ಕುಂಡಿಯಲ್ಲಿ ನೂರೊಂದು ಗುಡಿ ನೂರೊಂದು ಬಾವಿ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ನನ್ನ ಕಥೆಯಲ್ಲಿ ನೂರಾ ಎರಡನೇ ಬಾವಿ ಒಂದಿದೆ. ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ಹುಡುಗಿ ಅದರ ಮೆಟ್ಟಿಲು ಇಳಿಯುತ್ತಾಳೆ. ಕೆಳಗೆ ಇನ್ನೊಂದು ಲೋಕ, ಅಲ್ಲಿ ಇನ್ನೊಂದು ಬಾವಿ. ಅವಳು ಅದರೊಳಗೆ ಕಲ್ಲು ಹಾಕಿ ನೋಡುತ್ತಾಳೆ. ಕಲ್ಲು ನೀರಿಗೆ ಬೀಳೋದಕ್ಕೆ ಹಿಡಿದ ಹೊತ್ತಿನಿಂದಲೇ ಇದು ನಮ್ಮ ಭೂಮಿ ಅಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಕಥೆ ಶುರು.

ಒಬ್ಬ ಪ್ರಕಾಶಕರು ನೋಡಿ, ಕನ್ನಡದಲ್ಲಿ ಇಂಥದ್ದನ್ನು ಯಾರು ಓದುತ್ತಾರೆ ಅಂದರು. ಇನ್ನೊಬ್ಬರು ಹಾಕುತ್ತೇವೆ, ಆದರೆ ಪ್ರತಿಗಳಲ್ಲಿ ಅರ್ಧ ನೀವೇ ಕೊಳ್ಳಬೇಕು, ಮಾತುಕತೆಯನ್ನೆಲ್ಲ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಕೊಡಿ ಅಂದರು. ಹುಡುಗಿ ಮೊದಲ ಸಲ ಕೆಳಗಿನಿಂದ ಕೂಗಿ ಹೇಳುವ ಮಾತು ಹೀಗಿದೆ: "ಯವ್ವಾ, ಈ ಬಾವ್ಯಾಗ ನೀರು ಮ್ಯಾಲಕ್ಕ ಹರೀತೈತಿ!" ಇದನ್ನು "ಅಮ್ಮಾ, ಈ ಬಾವಿಯಲ್ಲಿ ನೀರು ಮೇಲಕ್ಕೆ ಹರಿಯುತ್ತಿದೆ" ಅಂತ ಮಾಡಿ ನೋಡಿದೆ. ಹುಡುಗಿಯೇ ಕಾಣೆಯಾದಳು.

ಅದಕ್ಕೇ ನಾನೇ ಅಚ್ಚು ಹಾಕಿಸೋಣ ಅಂತ. ಪ್ರೆಸ್ಸು ನಮ್ಮೂರಲ್ಲೇ ಬೇಕಾದಷ್ಟು ಇವೆ. ಎಷ್ಟು ಪ್ರತಿ ಹಾಕಿಸಬೇಕು, ದುಡ್ಡು ವಾಪಸ್ ಬರುತ್ತದಾ, ಆ ಮಾತುಗಳನ್ನು ಹಾಗೇ ಬಿಡಲಾ? ಇನ್ನೊಂದು ವಿಷಯ ಇದೆ, ಅದನ್ನು ಮನೆಯಲ್ಲೂ ಹೇಳಿಲ್ಲ. ಮುಗಿದ ದಿನದಿಂದ ಒಂದು ಸಾಲೂ ಬರೆದಿಲ್ಲ. ಜೀಪಿನಲ್ಲಿ ಮೊಬೈಲ್ ತೆಗೆಯುತ್ತೇನೆ, ಸುಮ್ನೆ ಹಿಡಿದುಕೊಂಡು ಕೂರುತ್ತೇನೆ. ಇದು ಎಲ್ಲರಿಗೂ ಆಗುತ್ತದಾ?


ಸಪ್ತಾಪುರದ ಅಂಗಳ, ಧಾರವಾಡ

ಆಗುತ್ತದೆ. ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ಯಾಕೆಂದರೆ ನಿಮಗೆ ಈಗ ನಿಜವಾಗಿ ಕಾಡುತ್ತಿರುವುದು ಅದೇ ಅನ್ನಿಸುತ್ತದೆ. ನಾನು ಮೂರು ವೈಜ್ಞಾನಿಕ ಕಾದಂಬರಿ ಬರೆದು ಮೂರನ್ನೂ ಸ್ವಂತ ದುಡ್ಡಿನಲ್ಲಿ ತಂದವಳು. ಮೊದಲನೆಯದು ಮುಗಿದ ಮೇಲೆ ಎಂಟು ತಿಂಗಳು ಏನೂ ಬರೆಯಲಿಲ್ಲ. ಪುಸ್ತಕ ಮಾರಿ ಮುಗಿಯಲಿ, ಆಮೇಲೆ ಇನ್ನೊಂದು ಅಂದುಕೊಂಡಿದ್ದೆ. ಅದು ತಪ್ಪಾಯಿತು. ಸರ್, ಪುಸ್ತಕ ಮಾರುವ ಕೆಲಸಕ್ಕೆ ಕೊನೆ ಇಲ್ಲ, ಅದು ಮುಗಿಯಲಿ ಅಂತ ಕಾದರೆ ಎರಡನೇ ಪುಸ್ತಕ ಬರುವುದೇ ಇಲ್ಲ. ಎರಡನೆಯದು ಪ್ರೆಸ್ಸಿಗೆ ಹೋದ ದಿನವೇ ಮೂರನೆಯದರ ಮೊದಲ ಪುಟ ಬರೆದೆ. ಕೆಟ್ಟದಾಗಿತ್ತು, ಆಮೇಲೆ ಹರಿದು ಹಾಕಿದೆ. ಆದರೆ ಕೈ ನಿಲ್ಲಲಿಲ್ಲ.

ನಿಮ್ಮೂರ ವೀರನಾರಾಯಣ ಗುಡಿಯ ಕಂಬ ನಿಮಗೆ ಗೊತ್ತೇ ಇದೆ. ಕುಮಾರವ್ಯಾಸ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಅಲ್ಲಿ ಕೂತು, ಬಟ್ಟೆ ಆರುವವರೆಗೂ ಹಾಡುತ್ತಿದ್ದ ಅಂತ ಪ್ರತೀತಿ. ಪ್ರತೀತಿಯೇ ಇರಲಿ, ನನಗೆ ಅದು ಬರೆಯುವವರು ಕಟ್ಟಿದ ಕಥೆ ಅನ್ನಿಸುತ್ತದೆ. ದಿನಕ್ಕೆ ಒಂದು ಬಟ್ಟೆ ಆರುವಷ್ಟು ಹೊತ್ತು. ನನಗೆ ಅದು ಬೆಳಿಗ್ಗೆ ಐದೂವರೆಯಿಂದ ಹಾಲಿನವನು ಬರುವವರೆಗೆ. ನಿಮಗೆ ಜೀಪಿನ ದಾರಿ. ಆ ಹೊತ್ತನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ಕೆಲಸವನ್ನೂ ಬಿಡಬೇಡಿ. ಕೆಲಸ ಬಿಡುತ್ತೇನೆ ಅಂತ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ.

ಇನ್ನು ದುಡ್ಡು. ನನ್ನ ಮೊದಲ ಕಾದಂಬರಿ 1000 ಪ್ರತಿ ಹಾಕಿಸಿದೆ. ಹಿಂದಿನಿಂದ ಎಲ್ಲರೂ ಸಾವಿರ ಹಾಕಿಸುತ್ತಾರೆ, ಅದಕ್ಕೆ ನಾನೂ ಹಾಕಿಸಿದೆ. ಎರಡು ವರ್ಷದಲ್ಲಿ ಹೋದದ್ದು 340. ಉಳಿದ ಕಟ್ಟುಗಳು ಮಂಚದ ಕೆಳಗೆ ಇದ್ದವು. ಒಂದು ಮಳೆಗಾಲದಲ್ಲಿ ಗೋಡೆ ಬೆವತು ಕೆಳಗಿನ ಕಟ್ಟುಗಳಿಗೆ ಒರಲೆ ಹತ್ತಿತು. ಬಿಚ್ಚಿ ನೋಡಿದರೆ ಮುಖಪುಟ ಹಾಗೇ ಇದೆ, ಒಳಗೆ ಪುಟಗಳಿಲ್ಲ, ಬರೀ ಮಣ್ಣು. ಅವತ್ತು ಅತ್ತಿದ್ದೇನೆ. ಅದಕ್ಕೇ ಹೇಳುತ್ತೇನೆ, 300 ಸಾಕು. ಖಾಲಿಯಾದರೆ ಮತ್ತೆ ಹಾಕಿಸಬಹುದು.

ಲೆಕ್ಕ ಹೀಗೆ ಹಿಡಿಯಿರಿ. ಒಂದು ಪ್ರತಿಗೆ ಅಚ್ಚಿನ ಖರ್ಚು 120 ರೂಪಾಯಿ ಬಿತ್ತು ಅನ್ನೋಣ, ಬೆಲೆ 260 ಇಟ್ಟಿರಿ ಅನ್ನೋಣ. ಅಂಗಡಿಗೆ ನೂರಕ್ಕೆ 40 ಬಿಟ್ಟರೆ ನಿಮ್ಮ ಕೈಗೆ ಬರುವುದು 156, ಅದರಲ್ಲಿ ಉಳಿಯುವುದು 36. ಅದೇ ಪ್ರತಿ ಓದುಗರಿಗೆ ನೀವೇ ಕೊಟ್ಟರೆ 140 ಉಳಿಯುತ್ತದೆ, ಅಂಚೆಗೆ ಒಂದಿಷ್ಟು ಕಳೆದರೂ ನೂರರ ಹತ್ತಿರ. ಅಂದರೆ ಕೈಯಿಂದ ಕೈಗೆ ಹೋದ ಒಂದು ಪುಸ್ತಕ ಅಂಗಡಿಯ ಮೂರು ಪುಸ್ತಕಕ್ಕೆ ಸಮ. ಅದಕ್ಕೇ ಅಚ್ಚಿಗೆ ಮೊದಲೇ ಬುಕಿಂಗ್ ತೆಗೆದುಕೊಳ್ಳಿ. ನೂರು ಜನ ಮುಂಗಡ ಕೊಟ್ಟರೆ ಪ್ರೆಸ್ಸಿನವರಿಗೆ ಕೊಡಬೇಕಾದದ್ದರಲ್ಲಿ ಮುಕ್ಕಾಲುಪಾಲು ಬಂದ ಹಾಗೆ. ಇದೇನು ಹೊಸದಲ್ಲ. ಇಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಅನ್ನುವ ಪ್ರಕಾಶನ ಶುರು ಮಾಡಿದಾಗ ಚಂದಾದಾರರನ್ನು ನಂಬಿಯೇ ಮಾಡಿದ್ದು. ಅದಕ್ಕೂ ಮೊದಲು ಹಾವೇರಿಯ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಯಾರು ಓದುತ್ತಾರೆ ಅಂತ ಅವರು ಕೇಳುತ್ತಾ ಕೂರಲಿಲ್ಲ, ಓದುಗರ ಬಾಗಿಲಿಗೇ ಹೋದರು.

ವೈಜ್ಞಾನಿಕ ಕಥೆ ನಮ್ಮ ಕಡೆಗೆ ಹೊರಗಿನದು ಅಂತಲೂ ಅಂದುಕೊಳ್ಳಬೇಡಿ. ಧಾರವಾಡದಲ್ಲಿ ಕೂತು ರಾಜಶೇಖರ ಭೂಸನೂರಮಠರು ಎಷ್ಟೋ ವರ್ಷ ಇದನ್ನೇ ಬರೆದರು.

ಮಾತುಗಳನ್ನು ಖಂಡಿತ ಬದಲಿಸಬೇಡಿ. ಅದರ ಬಗ್ಗೆ ಜಾಸ್ತಿ ಹೇಳುವುದಿದೆ, ರಾತ್ರಿ ಬರೆಯುತ್ತೇನೆ.


ಅಚ್ಚುಮೊಳೆ, ಗದಗ

ಅಣ್ಣಾ, ನಾನು ಗದಗಿನಲ್ಲೇ ಒಂದು ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ನೀವು ಮೊಬೈಲಿನಲ್ಲಿ ಬರೆದಿದ್ದೀರಿ ಅಂದಿರಲ್ಲ, ಅಲ್ಲೇ ನನಗೆ ಎದೆ ಢವ ಅಂದಿತು.

ಮೊಬೈಲಿನಲ್ಲಿ ಬರೆದದ್ದು ಯೂನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ. ನಮ್ಮಲ್ಲಿ ಬಹಳ ಪ್ರೆಸ್ಸುಗಳಲ್ಲಿ ಪುಟ ಕಟ್ಟುವುದು ಇನ್ನೂ ಹಳೆಯ ನುಡಿ ಫಾಂಟಿನಲ್ಲಿ. ಒಂದರಿಂದ ಒಂದಕ್ಕೆ ತಿರುಗಿಸುವಾಗ ಅಕ್ಷರ ಒಡೆಯುತ್ತವೆ. ಮಾಮೂಲಿ ಕಥೆ ಕವನಗಳಲ್ಲಿ ಕಡಿಮೆ. ನಿಮ್ಮಂಥ ಪುಸ್ತಕದಲ್ಲಿ ಜಾಸ್ತಿ, ಯಾಕೆಂದರೆ ಇಂಗ್ಲಿಷಿನಿಂದ ಬಂದ ಮಾತು ಜಾಸ್ತಿ ಇರುತ್ತವೆ. ನೀವು "ಪಂಪ್‌ಸೆಟ್" ಅಂತ ಬರೆದಿದ್ದೀರಿ. ಪ ಅಕ್ಷರಕ್ಕೆ ಅರ್ಧ ಕೊಟ್ಟ ಮೇಲೆ, ಮುಂದಿನ ಸ ಅದಕ್ಕೆ ಒತ್ತಾಗಿ ಅಂಟಬಾರದು ಅಂತ ನಡುವೆ ಒಂದು ಕಣ್ಣಿಗೆ ಕಾಣದ ಗುರುತು ಇರುತ್ತದೆ. ತಿರುಗಿಸುವಾಗ ಆ ಗುರುತು ಬಿದ್ದುಹೋದರೆ "ಪಂಪ್ಸೆಟ್" ಆಗುತ್ತದೆ. "ಸಾಫ್ಟ್‌ವೇರ್" ಇದ್ದದ್ದು "ಸಾಫ್ಟ್ವೇರ್" ಆಗಿ ಮೂರು ಅಕ್ಷರ ಒಂದರ ಮೇಲೊಂದು ಕೂರುತ್ತವೆ. ಒಮ್ಮೆ ಒಬ್ಬರು ಇಡೀ ಪುಸ್ತಕ ಅಚ್ಚಾದ ಮೇಲೆ ನೋಡಿದರು. ನೂರಾರು ಕಡೆ ಹೀಗೇ ಆಗಿತ್ತು, ಅವರ ಮುಖ ನನಗೆ ಇನ್ನೂ ನೆನಪಿದೆ.

ಅದಕ್ಕೆ ಎರಡು ದಾರಿ. ಇನ್‌ಡಿಸೈನ್‌ನಲ್ಲಿ ನೇರ ಯೂನಿಕೋಡ್‌ನಲ್ಲೇ ಪುಟ ಕಟ್ಟುವವರನ್ನು ಹುಡುಕಿ, ಈಗ ಅದು ಆಗುತ್ತದೆ. ಸಿಗದಿದ್ದರೆ, ನಿಮ್ಮ ಕಾದಂಬರಿಯಲ್ಲಿ ಬರುವ ಇಂಥ ಮಾತುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಡಿಟಿಪಿಯವರ ಕೈಗೆ ಕೊಡಿ. ತಿರುಗಿಸಿದ ಮೇಲೆ ನಾವು ಒಂದೊಂದನ್ನೇ ಹುಡುಕಿ ಸರಿ ಮಾಡುತ್ತೇವೆ. ಅರ್ಕಾವತ್ತು ಇರುವ ಪದಗಳನ್ನೂ ಸೇರಿಸಿ. ಆಮೇಲೆ ಕರಡನ್ನು ಕಾಗದದ ಮೇಲೆ ತೆಗೆಸಿ ಓದಿ, ಮೊಬೈಲಿನಲ್ಲಿ ಓದಬೇಡಿ. ನೀವು ಒಂದು ಸಲ, ಕಥೆ ಗೊತ್ತಿಲ್ಲದವರು ಒಂದು ಸಲ. ಬರೆದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಅವರು ಮನಸ್ಸಿನಲ್ಲಿರುವುದನ್ನೇ ಓದಿಬಿಡುತ್ತಾರೆ.

ಇನ್ನು ಪುಟ. ಡೆಮಿ 1/8, ಅಂದರೆ ಮಾಮೂಲಿ ಕಾದಂಬರಿಯ ಅಳತೆಯಲ್ಲಿ 60 ಸಾವಿರ ಪದ ಅಂದರೆ ಹೆಚ್ಚು ಕಡಿಮೆ 250, 260 ಪುಟ. ಒಂದು ಫಾರಂ ಅಂದರೆ 16 ಪುಟ. 256 ಪುಟಕ್ಕೆ ನಿಂತರೆ ಸರಿಯಾಗಿ 16 ಫಾರಂ. 259 ಆದರೆ ಮೂರು ಪುಟಕ್ಕೋಸ್ಕರ ಇನ್ನೂ ಅರ್ಧ ಫಾರಂ ಬೀಳುತ್ತದೆ. ಆ ಮೂರು ಪುಟ ಕಡಿಮೆ ಮಾಡಲು ಅಕ್ಷರ ಚಿಕ್ಕದು ಮಾಡಿ ಅನ್ನಬೇಡಿ, ಓದುವವರಿಗೆ ತ್ರಾಸು. ಅಧ್ಯಾಯದ ಕೊನೆಯಲ್ಲಿ ಎರಡೇ ಸಾಲು ಹೊಸ ಪುಟಕ್ಕೆ ಹೋಗಿರುತ್ತವೆ ನೋಡಿ, ಅಂಥ ಕಡೆ ಒಂದೆರಡು ಮಾತು ತೆಗೆದರೆ ಪುಟ ಉಳಿಯುತ್ತದೆ.

300 ಪ್ರತಿ ಅಂತ ಅಕ್ಕ ಹೇಳಿದ್ದಾರೆ. ನಾನು 500 ಅನ್ನುತ್ತೇನೆ. ಆಫ್‌ಸೆಟ್‌ನಲ್ಲಿ ಪ್ಲೇಟು, ಮಷೀನು ಕೂಡಿಸುವ ಖರ್ಚು 300ಕ್ಕೂ ಅಷ್ಟೇ, 500ಕ್ಕೂ ಅಷ್ಟೇ. ಮೇಲಿನ 200ಕ್ಕೆ ಕಾಗದ, ಬೈಂಡಿಂಗ್ ಮಾತ್ರ. 50, 100 ಸಾಕು ಅನ್ನುವುದಾದರೆ ಮಾತ್ರ ಡಿಜಿಟಲ್‌ಗೆ ಹೋಗಿ. ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ ಇರಲಿ, ಅದಕ್ಕಿಂತ ತೆಳ್ಳಗೆ ಬೇಡ, ಹಿಂದಿನ ಪುಟದ ಅಕ್ಷರ ಕಾಣುತ್ತದೆ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಮತ್ತೆ ಲಕ್ಕುಂಡಿ ಕಥೆ ಅಂದಿರಲ್ಲ. 1007ರಲ್ಲಿ ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಓಲೆಗರಿಯಲ್ಲಿ, ಒಂದೊಂದೂ ಕೈಯಲ್ಲಿ ಬರೆಸಿ. ಕೆಲಸ ಜಾಸ್ತಿ ಆಗಿ ಬ್ಯಾಸರ ಬಂದಾಗ ನಾನು ಅವಳನ್ನು ನೆನೆಯುತ್ತೇನೆ. ನಿಮ್ಮ ಪುಸ್ತಕ ಗದಗಿನಲ್ಲೇ ಅಚ್ಚಾಗಲಿ ಅಂತ ನನ್ನ ಆಸೆ.


ಬ್ಯಾಡಗಿ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಾವಿಗೆ ಕಲ್ಲು ಹಾಕುವ ವಿಷಯ ಓದಿ ಬಹಳ ಖುಷಿಯಾಯಿತು ಸರ್. ಒಂದೇ ಕೇಳುತ್ತೇನೆ, ಕಲ್ಲು ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಬರೆದಿದ್ದೀರಿ? ಹೊತ್ತು, ಆಳ, ಆ ಲೋಕದ ಗುರುತ್ವ ಮೂರೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಬಾವಿ 20 ಮೀಟರ್ ಆಳ ಇದೆ ಅನ್ನಿ. ನಮ್ಮ ಭೂಮಿಯ ಮೇಲೆ ಕಲ್ಲು ಎರಡು ಸೆಕೆಂಡಿನಲ್ಲಿ ನೀರು ಮುಟ್ಟುತ್ತದೆ. ಮಂಗಳದಷ್ಟು ಗುರುತ್ವ ಇದ್ದರೆ, ಅಂದರೆ ನಮ್ಮದರ ಶೇಕಡಾ 38, ಆಗ 3.3 ಸೆಕೆಂಡು. ಚಂದ್ರನಷ್ಟಿದ್ದರೆ ಐದು ಸೆಕೆಂಡು. ಬರೀ 1.3 ಸೆಕೆಂಡಿನ ವ್ಯತ್ಯಾಸಕ್ಕೇ ಹುಡುಗಿ ಬೆಚ್ಚಿ ಬೀಳುತ್ತಾಳೆ ಅಂದರೆ, ಅವಳು ಜೀವನವೆಲ್ಲ ಬಾವಿಗಳ ಜೊತೆ ಬದುಕಿದವಳು ಅಂತ ಓದುಗರಿಗೆ ತಾನಾಗಿ ತಿಳಿಯುತ್ತದೆ.

ಅದೇ ಹತ್ತು ಸೆಕೆಂಡು ಅಂತ ಬರೆದಿದ್ದರೆ ಬಾವಿ 185 ಮೀಟರ್ ಆಳ ಆಗಬೇಕು, ಮಂಗಳದ ಗುರುತ್ವದಲ್ಲೂ. ಅಷ್ಟು ಆಳದ ನೀರಿನಿಂದ ಅವಳು ಕೊಡ ಎತ್ತುವ ದೃಶ್ಯ ಮುಂದೆ ಇದ್ದರೆ ತೊಂದರೆ. ನಮ್ಮ ಮಕ್ಕಳು ಇಂಥದ್ದನ್ನು ಹಿಡಿಯುತ್ತಾರೆ, ನಾನೇ ಹಿಡಿಯಲು ಕಲಿಸಿದ್ದೇನೆ.

ಭಾಷೆ ವಿಷಯದಲ್ಲಿ ಒಂದು ಮಾತು. ಹುಡುಗಿ ಗದಗಿನ ಕನ್ನಡ ಆಡಲಿ, ಆದರೆ ಕೊನೆಯಲ್ಲಿ ಪದಗಳ ಅರ್ಥ ಕೊಡಿ. ಮೈಸೂರು ಕಡೆಯವರು ಓದುವಾಗ ಎಡವಬಾರದು ಅಲ್ವಾ?


ಸಪ್ತಾಪುರದ ಅಂಗಳ, ಧಾರವಾಡ

ಮೇಷ್ಟ್ರೇ, ಕಲ್ಲಿನ ಲೆಕ್ಕಕ್ಕೆ ಶರಣು. ಪದಗಳ ಅರ್ಥ ಕೊಡುವುದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಎಡವಲಿ. ಯಾರೂ ಕಾಣದ ಲೋಕದ ಪ್ರಾಣಿ, ಯಂತ್ರ, ಊಟಗಳ ಹೆಸರನ್ನು ಅರ್ಥ ಕೇಳದೆ ಓದಿಕೊಂಡು ಹೋಗುವವರು "ಬಾವ್ಯಾಗ" ಅನ್ನುವುದಕ್ಕೆ ನಿಲ್ಲುತ್ತಾರಾ? ಒಂದು ಪುಟ ನಿಂತಾರು, ಎರಡನೇ ಪುಟದಲ್ಲಿ ಕಿವಿ ಒಗ್ಗುತ್ತದೆ. ಕಥೆ ಹೇಳುವ ದನಿ ಪುಸ್ತಕದ ಕನ್ನಡದಲ್ಲೇ ಇದೆಯಲ್ಲ, ಅಷ್ಟು ಸಾಕು.

ನನಗೆ ಬೇರೆ ಒಂದು ಪ್ರಶ್ನೆ ಕಾಡುತ್ತಿದೆ ಸರ್. ಬಾವಿಯ ಕೆಳಗಿನ ಲೋಕದವರು ಯಾವ ಕನ್ನಡ ಆಡುತ್ತಾರೆ? ಬರೆಯುವಾಗ ಇದನ್ನು ಯೋಚಿಸಿದ್ದೀರಾ? ಅವರು ಸಾವಿರ ವರ್ಷದ ಹಿಂದೆ ಇಲ್ಲಿಂದಲೇ ಇಳಿದು ಹೋದವರಾದರೆ, ನಮ್ಮಲ್ಲಿ ಆಮೇಲೆ ಆದ ಬದಲಾವಣೆ ಅವರಲ್ಲಿ ಆಗಿರುವುದಿಲ್ಲ. ಹಳಗನ್ನಡದ ಪಕಾರ ನಮ್ಮ ಬಾಯಲ್ಲಿ ಹಕಾರ ಆಯಿತು. ಅವರ ಬಾಯಲ್ಲಿ ಆಗಿಲ್ಲ. ಅವರು ಹಾಲಿಗೆ ಪಾಲ್ ಅನ್ನುತ್ತಾರೆ, ಹೆಸರಿಗೆ ಪೆಸರ್, ಹೂವಿಗೆ ಪೂ. ಲಕ್ಕುಂಡಿಗೆ ಶಾಸನದಲ್ಲಿರುವ ಹಾಗೆ ಲೊಕ್ಕಿಗುಂಡಿ ಅನ್ನುತ್ತಾರೆ. ಹುಡುಗಿಗೆ ಮೊದಲು ಒಂದೂ ತಿಳಿಯುವುದಿಲ್ಲ. ಆಮೇಲೆ ಒಬ್ಬ ಮುದುಕಿ ಒಂದು ಬಟ್ಟಲು ಮುಂದೆ ಹಿಡಿದು "ಪಾಲ್" ಅಂದಾಗ ಇವಳು ಬಟ್ಟಲೊಳಗೆ ನೋಡುತ್ತಾಳೆ, ಬೆಳ್ಳಗಿದೆ. ಅಷ್ಟೇ. ಎರಡು ಲೋಕದ ನಡುವಿನ ಬಾಗಿಲು ಅಲ್ಲಿ ತೆರೆಯುತ್ತದೆ. ಹೊರಗಿನಿಂದ ಏನೂ ತರಬೇಕಾಗಿಲ್ಲ, ಎಲ್ಲ ನಮ್ಮ ಭಾಷೆಯಲ್ಲೇ ಬಿದ್ದಿದೆ.

ನಿಮ್ಮ ಕಥೆಯಲ್ಲಿ ಕೈ ಹಾಕಿದೆ, ಬೇಡ ಅನ್ನಿಸಿದರೆ ಬಿಟ್ಟುಬಿಡಿ.

500 ಪ್ರತಿ ಅಂದ ತಂಗಿಗೆ: ನೀವು ಹೇಳಿದ ಲೆಕ್ಕ ಸರಿ. ಆದರೆ ಆ 200ರ ಕಾಗದವೂ ದುಡ್ಡೇ, ಮನೆಯಲ್ಲಿ ಅವುಗಳನ್ನು ಒಣಗಿದ ಜಾಗದಲ್ಲಿ ಇಡುವುದೂ ಕೆಲಸವೇ. ಬುಕಿಂಗ್ 150 ದಾಟಿದರೆ 500 ಹಾಕಿಸಲಿ, ಇಲ್ಲದಿದ್ದರೆ 300. ಅಚ್ಚಾದ ಮೇಲೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಲಿ. ಆದರೆ ಅದನ್ನು ನಂಬಿ ಸಾಲ ಮಾಡಬಾರದು. ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕದ ಆ್ಯಪ್‌ಗೂ ಕೊಡಬಹುದು, ದುಬೈ, ಅಮೆರಿಕದಲ್ಲಿ ಇರುವ ನಮ್ಮವರಿಗೆ ಅಂಚೆಗಿಂತ ಅದು ಸುಲಭ.


ಗಾಳಿಗುಡ್ಡ, ಗದಗ

ಎಲ್ಲರಿಗೂ ಏನು ಹೇಳಲಿ. ನಿನ್ನೆ ಸೈಟಿಗೆ ಹೋಗುವಾಗ ಇದನ್ನೆಲ್ಲ ಎರಡು ಸಲ ಓದಿದೆ.

ಮೇಷ್ಟ್ರೇ, ನಾನು ಬರೆದದ್ದು ಏಳು ಸೆಕೆಂಡು. ಅಂದಾಜಿಗೆ ಬರೆದಿದ್ದೆ, ತಪ್ಪು. ಇವತ್ತು ಮಗಳನ್ನು ಕೂರಿಸಿಕೊಂಡು ಲೆಕ್ಕ ಮಾಡಿದೆ, ಸುಮಾರು 90 ಮೀಟರ್ ಬರುತ್ತದೆ. ನಾನು ಹತ್ತುವ ಟವರಿನಷ್ಟು. ಆ ಎತ್ತರದಿಂದ ಕೆಳಗೆ ನೋಡಿದರೆ ಜೀಪು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಅಲ್ಲಿಂದ ಕೊಡ ಎತ್ತುವುದು ಸಾಧ್ಯವೇ ಇಲ್ಲ. 3.3 ಮಾಡುತ್ತೇನೆ. ಮಗಳು, ಅಪ್ಪಾ ಹುಡುಗಿ ಬಾಯಲ್ಲಿ ಎಣಿಸಬೇಕು, ವಾಚ್ ನೋಡಬಾರದು ಅಂದಳು. ಅದನ್ನೂ ಮಾಡುತ್ತೇನೆ.

ತಂಗೀ, ಪದಗಳ ಹಾಳೆ ಶುರು ಮಾಡಿದ್ದೇನೆ, ಈಗಲೇ 112 ಆಗಿವೆ. ನಿಮ್ಮ ಪ್ರೆಸ್ಸಿಗೇ ಬರುತ್ತೇನೆ. ಬುಕಿಂಗ್ ಇನ್ನೂ ಹೊರಗೆ ಹೇಳಿಲ್ಲ, ಸೈಟಿನ ಹುಡುಗರು ಹನ್ನೊಂದು ಜನ ಆಗಲೇ ದುಡ್ಡು ಕೊಟ್ಟರು. ಅವರಲ್ಲಿ ನಾಲ್ಕು ಜನ ಇದುವರೆಗೆ ಒಂದು ಕಾದಂಬರಿಯನ್ನೂ ಓದಿದವರಲ್ಲ.

ಅಕ್ಕಾ, ಕೆಳಗಿನವರಿಗೆ ನಾನು ಪುಸ್ತಕದ ಕನ್ನಡವನ್ನೇ ಕೊಟ್ಟಿದ್ದೆ. ಅದು ಸರಿ ಇಲ್ಲ ಅಂತ ನಾಲ್ಕು ವರ್ಷವೂ ಅನ್ನಿಸುತ್ತಿತ್ತು, ಏನು ಮಾಡಬೇಕು ಅಂತ ತಿಳಿದಿರಲಿಲ್ಲ. ಇವತ್ತು ವಾಪಸ್ ಬರುವಾಗ ಡಂಬಳದ ಹತ್ತಿರ ಜೀಪು ಪಂಕ್ಚರ್ ಆಯಿತು, ಅರ್ಧ ಗಂಟೆ ಸಿಕ್ಕಿತು. ಮುದುಕಿಯ ದೃಶ್ಯ ಮತ್ತೆ ಬರೆದೆ. ತಿಂಗಳಾದ ಮೇಲೆ ಮೊದಲ ಸಲ. ಒಂದು ಪುಟ ಆಗಿದೆ. ಹಾಲು ತೆಗೆದು ನೀರು ಮಾಡಿದೆ, ಯಾಕೆಂದರೆ ನೀರು ಅವರ ಬಾಯಲ್ಲೂ ನೀರೇ ಆಗಿರುತ್ತದೆ ಅಲ್ವಾ? ಇಬ್ಬರಿಗೂ ಗೊತ್ತಿರುವ ಮಾತು ಅದು. ಭಾನುವಾರ ಧಾರವಾಡಕ್ಕೆ ಬರುವವನಿದ್ದೇನೆ, ನಿಮಗೆ ತೋರಿಸಬಹುದಾ?


ಸಪ್ತಾಪುರದ ಅಂಗಳ, ಧಾರವಾಡ

ನೀರ್. ಹೌದು, ನಿಮ್ಮದೇ ಸರಿ, ಹಾಲಿಗಿಂತ ಚೆನ್ನಾಗಿದೆ.

ಬನ್ನಿ. ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹಿಡಿದರೆ ಬೇಗ ಆಗುತ್ತದೆ. ಹನ್ನೊಂದರ ಮೇಲೆ ಮನೆಯಲ್ಲಿ ಇರುತ್ತೇನೆ, ವಿಳಾಸ ಮೆಸೇಜಿನಲ್ಲಿ ಕಳಿಸುತ್ತೇನೆ. ಮೊಬೈಲಿನಲ್ಲಿ ತೋರಿಸಬೇಡಿ, ಪ್ರಿಂಟ್ ತೆಗೆಸಿಕೊಂಡು ಬನ್ನಿ. ಸಾಲುಗಳ ನಡುವೆ ಜಾಗ ಬಿಟ್ಟಿರಲಿ. ಮಗಳನ್ನೂ ಕರೆದುಕೊಂಡು ಬನ್ನಿ.